ನೆಟ್‌ವರ್ಕಿಂಗ್: ಮೊದಲು ಯಾವ ಕೋರ್ಸ್?

ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿದ್ದೀರಿ, ನೆಟ್‌ವರ್ಕಿಂಗ್ ಸರ್ಟಿಫಿಕೇಟ್‌ಗಳಲ್ಲಿ ನೆಟ್‌ವರ್ಕ್ ಪ್ಲಸ್ ಮಾಡಲೋ ಸಿಸ್ಕೋ ಕಂಪನಿಯ ಸಿಸಿಎನ್‌ಎ ಮಾಡಲೋ ಅಂತ ಕೇಳಿದ್ದೀರಿ. ನನ್ನ ಓಟು ಸಿಸಿಎನ್‌ಎಗೆ. ನೆಟ್‌ವರ್ಕ್ ಪ್ಲಸ್ ಯಾವ ಕಂಪನಿಗೂ ಅಂಟಿಕೊಂಡಿಲ್ಲ, ಬುನಾದಿಗೆ ಒಳ್ಳೆಯದೇ. ಸಿಸಿಎನ್‌ಎಯಲ್ಲಿ ರೂಟರ್, ಸ್ವಿಚ್ ಜೊತೆ ಕೈಕೆಲಸ ಜಾಸ್ತಿ.

ಆದರೆ ಸುಮ್ನೆ ಇವತ್ತೇ ಫೀ ಕಟ್ಟಬೇಡಿ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಉಚಿತ; ಕಂಪ್ಯೂಟರಿನಲ್ಲೇ ನಕಲಿ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್ ಅದು. ಅದರಲ್ಲಿ ಎರಡು ಪಿಸಿ, ಒಂದು ಸ್ವಿಚ್ ಜೋಡಿಸಿ ಪಿಂಗ್ ಮಾಡಿ, ಅಂದರೆ ಒಂದು ಪಿಸಿಗೆ ಇನ್ನೊಂದು ಉತ್ತರ ಕೊಡುತ್ತದಾ ಅಂತ ನೋಡಿ. ಆಮೇಲೆ ಸಬ್‌ನೆಟ್ಟಿಂಗ್, ಅಂದರೆ ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣ ಭಾಗ ಮಾಡುವ ಲೆಕ್ಕ. ಬಹಳ ಜನ ಕೈಚೆಲ್ಲುವುದು ಇಲ್ಲೇ. ಉದಾಹರಣೆಗೆ, ಐಪಿ ವಿಳಾಸದ 32 ಬಿಟ್‌ಗಳಲ್ಲಿ 26 ನೆಟ್‌ವರ್ಕ್‌ಗೆ ಹೋದರೆ ಅದನ್ನು /26 ಅಂತ ಬರೆಯುತ್ತಾರೆ. ಉಳಿದ 6 ಬಿಟ್‌ಗೆ 64 ವಿಳಾಸ, ಬಳಸಲು ಸಿಗುವುದು 62: ಮೊದಲನೆಯದು ಆ ನೆಟ್‌ವರ್ಕ್‌ನ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ (ಎಲ್ಲ ಪಿಸಿಗೂ ಒಟ್ಟಿಗೆ ಕಳಿಸಲು). ಇದು ಕಾಗದದ ಮೇಲೆ ಬಂದರೆ ಅರ್ಧ ದಾರಿ ಸವೆಸಿದಂತೆ.

ವಿದ್ಯಾಗಿರಿಯಲ್ಲೋ ನವನಗರದಲ್ಲೋ ಕೋಚಿಂಗ್ ಸೇರುವುದಾದರೆ, ನಿಜವಾದ ಸ್ವಿಚ್ ಮುಟ್ಟೋಕೆ ಕೊಡ್ತೀರಾ ಅಂತ ಮೊದಲೇ ಕೇಳಿ.