ಔಟ್ ಆದ ಮಗು ಎಲ್ಲಿ ಕೂರುತ್ತದೆ?

ಓದುಗರ ಪತ್ರ: ನಾವು ಮೂವರು ಗೆಳತಿಯರು ನಮ್ಮ ಬಡಾವಣೆಯಲ್ಲಿ ಭಾನುವಾರದ ಮಕ್ಕಳ ಸಂಘ ನಡೆಸುತ್ತಿದ್ದೇವೆ. 6ರಿಂದ 14 ವರ್ಷದ ಸುಮಾರು 35 ಮಕ್ಕಳು ಬರುತ್ತಾರೆ. ಸಂಜೆ ಒಂದೂವರೆ ಗಂಟೆ ಶಾಲೆಯ ಮೈದಾನ ಸಿಗುತ್ತದೆ. ಆಟ ಶುರುವಾದ ಹತ್ತೇ ನಿಮಿಷಕ್ಕೆ ಅರ್ಧ ಮಕ್ಕಳು ಔಟಾಗಿ ಕಟ್ಟೆ ಮೇಲೆ ಕೂತಿರುತ್ತಾರೆ. ಹನ್ನೆರಡು ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನೇ ಬಿಡುತ್ತಿದ್ದಾರೆ. ಒಬ್ಬ ಹುಡುಗನಂತೂ ಪ್ರತಿ ವಾರ ‘ನಾನು ಪಾಯಿಂಟ್ ಬರೀತೀನಿ ಅಕ್ಕಾ’ ಅಂತ ನೋಟ್‌ಬುಕ್ ಹಿಡಿದು ಪಕ್ಕಕ್ಕೆ ನಿಲ್ಲುತ್ತಾನೆ. ಎಲ್ಲರೂ ಓಡಾಡುವಂಥ ಹೊಸ ಆಟಗಳಿದ್ದರೆ ತಿಳಿಸಿ.

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಹತ್ತಿರ ಇರುವ ಆಟಗಳೇ ಸಾಕು ಅನ್ನಿಸುತ್ತದೆ. ಔಟ್ ಆದ ಮೇಲೆ ಮಗು ಏನು ಮಾಡಬೇಕು ಅನ್ನುವ ಒಂದು ನಿಯಮವನ್ನು ಮಾತ್ರ ಬದಲಾಯಿಸಿ ನೋಡಿ.

ಕುರ್ಚಿ ಆಟವನ್ನೇ ತಗೊಳ್ಳಿ. ಮೊದಲ ಸುತ್ತಿಗೇ ಔಟ್ ಆಗುವುದು ಯಾರು? ನಿಧಾನಕ್ಕೆ ಓಡುವ ಮಗು. ಎಲ್ಲರಿಗಿಂತ ಜಾಸ್ತಿ ಓಡಬೇಕಾಗಿರುವುದು ಅದೇ, ಎಲ್ಲರಿಗಿಂತ ಜಾಸ್ತಿ ಹೊತ್ತು ಕೂರುವುದೂ ಅದೇ. ಚೆನ್ನಾಗಿ ಓಡುವವನಿಗೆ ಕೊನೆಯವರೆಗೂ ಓಟ ಸಿಗುತ್ತದೆ. ಚಿಕ್ಕವನಿದ್ದಾಗ ನಾನೂ ಆ ಕಟ್ಟೆ ಮೇಲೆ ತುಂಬಾ ಸಂಜೆ ಕೂತಿದ್ದೇನೆ. ಕೂತಲ್ಲಿಂದ ಆಟ ಎಷ್ಟು ದೂರ ಕಾಣುತ್ತದೆ ಅನ್ನುವುದು ಇನ್ನೂ ನೆನಪಿದೆ.

ಇದಕ್ಕೆ ಉತ್ತರ ನಮ್ಮ ಕಬಡ್ಡಿಯಲ್ಲೇ ಇದೆ. ಹಿಂದೆ ಕಬಡ್ಡಿಯನ್ನು ಮೂರು ಬಗೆಯಲ್ಲಿ ಆಡುತ್ತಿದ್ದರು. ಗಾಮಿನಿಯಲ್ಲಿ ಔಟ್ ಆದವನು ತಂಡ ಪೂರ್ತಿ ಔಟ್ ಆಗುವವರೆಗೂ ಹೊರಗೆ. ಸಂಜೀವಿನಿಯಲ್ಲಿ ಎದುರಿನ ತಂಡದವನೊಬ್ಬ ಔಟ್ ಆದರೆ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ಈಗ ಟಿವಿಯಲ್ಲಿ ನೋಡುವ ಕಬಡ್ಡಿ ಈ ದಾರಿಯದು. ಅಮರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ. ಔಟ್ ಆದರೆ ಎದುರಿನವರಿಗೆ ಒಂದು ಅಂಕ, ಆಡುವವನು ಅಂಕಣದಲ್ಲೇ ಇರುತ್ತಾನೆ. ನಿಮ್ಮ ಸಂಘಕ್ಕೆ ಅಮರವೇ ಸರಿ. ಬರೀ ಕಬಡ್ಡಿಗಲ್ಲ, ಎಲ್ಲಾ ಆಟಕ್ಕೂ.

ಲಗೋರಿಗೆ ಇದನ್ನು ಹಚ್ಚುವುದು ಬಹಳ ಸುಲಭ. ಏಳು ಬಿಲ್ಲೆ, ಒಂದು ಚೆಂಡು. ಕಲ್ಲು ಕಟ್ಟುವ ತಂಡದವನಿಗೆ ಚೆಂಡು ತಗುಲಿತು ಅನ್ನಿ. ಅವನು ಓಡಿಹೋಗಿ ಮೈದಾನದ ಆ ತುದಿಯ ಮರ ಮುಟ್ಟಿ ಬರಲಿ, ಬಂದವನೇ ಮತ್ತೆ ಕಲ್ಲು ಕಟ್ಟಲಿ. ಔಟ್ ಆದವನೇ ಎಲ್ಲರಿಗಿಂತ ಜಾಸ್ತಿ ಓಡಿರುತ್ತಾನೆ. ಚೆಂಡು ಮಾತ್ರ ಹಳೇ ಕಾಲ್ಚೀಲದೊಳಗೆ ಚಿಂದಿ ಬಟ್ಟೆ ತುರುಕಿ ಹೊಲಿದದ್ದಾಗಿರಲಿ. ಸೊಂಟಕ್ಕಿಂತ ಮೇಲೆ ಹೊಡೆದರೆ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿಬಿಡಿ. ರಬ್ಬರ್ ಚೆಂಡು ಕನ್ನಡಕಕ್ಕೆ ಬಡಿದರೆ ಆ ಮಗು ಮುಂದಿನ ವಾರ ಬರುವುದಿಲ್ಲ.

ಸಂಜೆಯನ್ನು ಸರಪಳಿ ಆಟದಿಂದ ಶುರು ಮಾಡಿ. ಸಿಕ್ಕಿದವರು ಹಿಡಿದವನ ಕೈ ಹಿಡಿದು ಸರಪಳಿಗೆ ಸೇರುತ್ತಾರೆ. ನಾಲ್ವರಾದ ಕೂಡಲೇ ಇಬ್ಬಿಬ್ಬರಾಗಿ ಒಡೆಯಬೇಕು, ಇಲ್ಲದಿದ್ದರೆ ಉದ್ದ ಸರಪಳಿಯ ತುದಿಯಲ್ಲಿರುವ ಪುಟ್ಟ ಮಗು ಎಳೆತಕ್ಕೆ ಬಿದ್ದುಬಿಡುತ್ತದೆ. ಹತ್ತು ನಿಮಿಷದಲ್ಲಿ 35 ಮಕ್ಕಳ ಮೈಯೂ ಬಿಸಿಯಾಗುತ್ತದೆ. ಒಬ್ಬರೂ ಕೂತಿರುವುದಿಲ್ಲ.

ನನ್ನ ಮನಸ್ಸು ಮಾತ್ರ ಹೆಚ್ಚು ಹೋಗುವುದು ಖೋ ಖೋ ಕಡೆಗೆ. ಅಲ್ಲೂ ಎಂಟು ಮಂದಿ ಕೂತೇ ಇರುತ್ತಾರೆ, ಅಲ್ವಾ? ಆದರೆ ಆ ಕೂರುವುದಕ್ಕೂ ಕಟ್ಟೆ ಮೇಲೆ ಕೂರುವುದಕ್ಕೂ ಅಜಗಜಾಂತರ. ಒಬ್ಬ ಈ ಕಡೆ, ಪಕ್ಕದವನು ಆ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ ಯಾವ ಗಳಿಗೆಯಲ್ಲಿ ‘ಖೋ’ ಬೀಳುತ್ತದೋ ಗೊತ್ತಿಲ್ಲ. ಕಿವಿ, ಕಣ್ಣು, ಕಾಲು ಎಲ್ಲಾ ತಯಾರಾಗಿರಬೇಕು. ಅಟ್ಟಿಸಿಕೊಂಡು ಹೋಗುವವನು ನಡುಗೆರೆ ದಾಟುವಂತಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಹಿಂದಿರುಗುವಂತಿಲ್ಲ, ಕಂಬ ಸುತ್ತಿಯೇ ಆ ಕಡೆಗೆ ಹೋಗಬೇಕು. ತಪ್ಪಿಸಿಕೊಳ್ಳುವವನಿಗೆ ಆ ಕಟ್ಟು ಇಲ್ಲ, ಕೂತವರ ನಡುವೆ ನುಸುಳಬಹುದು. ಹೀಗಾಗಿ ಬರೀ ಕಾಲಿನ ಬಲದಿಂದ ಗೆಲ್ಲಲಾಗುವುದಿಲ್ಲ. ಸುಮಾರಾಗಿ ಓಡುವ ಮಗು ಸರಿಯಾದ ಗಳಿಗೆಗೆ ಖೋ ಕೊಟ್ಟರೆ ಸಾಕು, ಶಾಲೆಯ ಓಟದಲ್ಲಿ ಗೆದ್ದವನೂ ಸಿಕ್ಕಿಬೀಳುತ್ತಾನೆ. ಹಾಗೆ ಒಂದು ಸಲ ಹಿಡಿದ ಮಗುವಿನ ಮುಖ ನೋಡಬೇಕು ನೀವು!

ಪೂರ್ತಿ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಿಮಗೆ ಅಷ್ಟು ಜಾಗ ಬೇಕಿಲ್ಲ. ಆರು ಮಂದಿ ಕೂರುವ ಎರಡು ಪುಟ್ಟ ಅಂಕಣ ಸುಣ್ಣದ ಪುಡಿಯಲ್ಲಿ ಎಳೆದುಬಿಡಿ. ತಪ್ಪಿಸಿಕೊಳ್ಳುವವರು ಮೂರು ಮೂರು ಜನ ಇಳಿಯಲಿ. ಸಿಕ್ಕಿಬಿದ್ದವರು ಅಂಕಣದ ಸುತ್ತ ಒಂದು ಸುತ್ತು ಓಡಿ ತಂಡದ ಸಾಲಿನ ಕೊನೆಗೆ ಸೇರಲಿ, ಸರದಿ ಬಂದಾಗ ಮತ್ತೆ ಇಳಿಯಲಿ. ಬೆನ್ನನ್ನು ತಟ್ಟಬೇಕು, ತಳ್ಳಬಾರದು. ಇದನ್ನು ಮೊದಲ ದಿನವೇ ಕೂತು ಅಭ್ಯಾಸ ಮಾಡಿಸಿ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಈ ಮಾತನ್ನು ನಿಮ್ಮ ಹುಡುಗಿಯರಿಗೂ ಅವರ ತಾಯಂದಿರಿಗೂ ಹೇಳಿ. ಆದರೆ ಅದರಿಂದಲೇ ಅವರು ವಾಪಸ್ ಬಂದುಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಮೊದಲು ಒಂದು ವಿಷಯ ವಿಚಾರಿಸಿ: ಭಾನುವಾರ ಶಾಲೆಯ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಹನ್ನೆರಡು ದಾಟಿದ ಹುಡುಗಿ ಒಂದೂವರೆ ಗಂಟೆ ಮೈದಾನದಲ್ಲಿ ಇರಬೇಕೋ ಬೇಡವೋ ಅನ್ನುವುದನ್ನು ಎಷ್ಟೋ ಸಲ ಆ ಬೀಗವೇ ತೀರ್ಮಾನಿಸುತ್ತದೆ. ಕಬಡ್ಡಿಯನ್ನು ಹುಡುಗರು, ಹುಡುಗಿಯರು ಬೇರೆ ಬೇರೆ ಆಡಲಿ. ಖೋ ಖೋ, ಲಗೋರಿ ಒಟ್ಟಿಗೆ ಆಡಬಹುದು. ದೊಡ್ಡ ಹುಡುಗಿಯರ ಕೈಗೆ ಸೀಟಿ ಕೊಡಿ, ಒಂದು ಅಂಕಣದ ಜವಾಬ್ದಾರಿ ಪೂರ್ತಿ ಅವರದಾಗಲಿ. ಹುಡುಗರು ಯಾರ ಓಟವನ್ನಾದರೂ ಆಡಿಕೊಂಡರೆ ಆಟ ಅಲ್ಲಿಗೇ ನಿಲ್ಲಿಸಿ ಮಾತಾಡಿ. ಇದರಲ್ಲಿ ಸಡಿಲ ಬಿಡಬೇಡಿ.

ತಂಡ ಕಟ್ಟುವುದು ಹೇಗೆ ಅಂತ ನೀವು ಬರೆದಿಲ್ಲ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಾ ಹೋಗುವ ಪದ್ಧತಿ ಇದ್ದರೆ ಈ ವಾರವೇ ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗು ಪ್ರತಿ ವಾರ ಒಂದೇ ಆಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಜೋಡಿ ಕಟ್ಟಿಕೊಂಡು ಬರುವ ಕ್ರಮವಿತ್ತು. ಸರಿಸಮ ಆಡುವ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದರು. ‘ಸೂರ್ಯ ಬೇಕಾ, ಚಂದ್ರ ಬೇಕಾ?’ ನಾಯಕನಿಗೆ ಸೂರ್ಯ ಯಾರು ಅಂತ ಗೊತ್ತಿರುವುದಿಲ್ಲ. ತಂಡಗಳೂ ಸರಿಸಮ, ಯಾರಿಗೂ ಅವಮಾನವಿಲ್ಲ. ಆರೇಳು ವರ್ಷದ ಪುಟಾಣಿಗಳಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಇದ್ದೇ ಇದೆ. ಈಗ ಆ ಮಾತನ್ನು ಬೇರೆ ಅರ್ಥದಲ್ಲಿ ಆಡುತ್ತಾರೆ. ಆದರೆ ಪುಟ್ಟ ತಮ್ಮನನ್ನೂ ಮನೆಗೆ ಅಟ್ಟದೆ ಜೊತೆಗೆ ಓಡಲು ಬಿಡುವ ಆ ನಿಯಮದಲ್ಲಿ ಎಷ್ಟು ಅಕ್ಕರೆ ಇದೆ ನೋಡಿ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮದು ವಾರಕ್ಕೊಂದು ಸಂಜೆ. ಅದಕ್ಕೇ ಬಿಲ್ಲೆ, ಸುಣ್ಣ, ಚಿಂದಿ ಚೆಂಡು ಬಿಟ್ಟು ಬೇರೇನೂ ಬೇಡದ ಆಟಗಳನ್ನೇ ಹೇಳಿದ್ದೇನೆ. ಮಕ್ಕಳು ಅವನ್ನು ತಮ್ಮ ಬೀದಿಗೂ ಕೊಂಡೊಯ್ಯಬಹುದು. ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೆ ಶುರು ಮಾಡಿ, ಕುಡಿಯುವ ನೀರು ಮೈದಾನದ ಪಕ್ಕದಲ್ಲೇ ಇರಲಿ. ಯಾರಿಗೆ ಉಬ್ಬಸವಿದೆ ಅಂತ ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಆ ನೋಟ್‌ಬುಕ್ ಹುಡುಗ. ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ದಯವಿಟ್ಟು ಎಲ್ಲರೆದುರು ಅವನ ಪುಸ್ತಕ ಕಿತ್ತುಕೊಳ್ಳಬೇಡಿ. ಪಾಯಿಂಟ್ ಬರೆಯುವ ಕೆಲಸವನ್ನು ಸರದಿ ಮೇಲೆ ಹಂಚಿ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಮೊದಲ ಸರದಿ ಅವನಿಗೇ ಇರಲಿ. ಹತ್ತು ನಿಮಿಷ ಆದ ಮೇಲೆ ಜೋಡಿ ಕಟ್ಟಲು ಅವನ ಹೆಗಲ ಮೇಲೆ ಕೈ ಹಾಕುವುದು ನಿಮ್ಮಲ್ಲೇ ಒಬ್ಬರಾಗಲಿ. ‘ಏನು ಹೆಸರಿಟ್ಕೊಳ್ಳೋಣ?’ ಅಂತ ಅವನನ್ನೇ ಕೇಳಿ. ಅವನು ಏನು ಹೇಳಿದ ಅಂತ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂ.