ಗುಂಡುಸೂಜಿ ತೆಗೆಯಬೇಡಿ

ಜಯನಗರದ ಓದುಗರೊಬ್ಬರ ಪತ್ರ: "ಅವೆನ್ಯೂ ರಸ್ತೆಯಲ್ಲಿ ಚಿಕ್ಕಂದಿನಲ್ಲಿ ಕೊಂಡಿದ್ದ 'ಎಮಿಲ್ ಅಂಡ್ ದ ಡಿಟೆಕ್ಟಿವ್ಸ್' ಇನ್ನೂ ನನ್ನ ಹತ್ತಿರ ಇದೆ. ಒಂಬತ್ತು ವರ್ಷದ ಮಗಳಿಗೆ ರಾತ್ರಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಹುಡುಗನ ದುಡ್ಡು ಕಳುವಾದ ಕೂಡಲೇ ಅವಳು, 'ಅಮ್ಮನಿಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ವಾ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಕಥೆಯನ್ನು ಇವತ್ತಿನ ಬೆಂಗಳೂರಿಗೆ ತಂದು, ಹುಡುಗನ ಕೈಗೆ ಮೊಬೈಲ್ ಕೊಟ್ಟು, ಕಳ್ಳತನವನ್ನು ಯುಪಿಐ ವಂಚನೆ ಮಾಡಿಬಿಡಲೇ?"

ಬೇಡ ಸ್ವಾಮಿ.

ಎರಿಕ್ ಕೆಸ್ಟ್ನರ್ ಜರ್ಮನ್ ಭಾಷೆಯಲ್ಲಿ ಬರೆದ ಈ ಪುಸ್ತಕ ಬಂದದ್ದು 1929ರಲ್ಲಿ. ಓದದವರಿಗಾಗಿ ಎರಡು ಮಾತು. ಎಮಿಲ್ ಸಣ್ಣ ಊರಿನ ಹುಡುಗ, ತಂದೆ ಇಲ್ಲ. ತಾಯಿ ಮನೆಯಲ್ಲೇ ಹೆಂಗಸರ ತಲೆ ತೊಳೆದು, ಕೂದಲು ಒಪ್ಪ ಮಾಡಿ ದುಡಿದ 140 ಮಾರ್ಕ್ ಕೊಟ್ಟು ಅವನನ್ನು ಬರ್ಲಿನ್ನಿನ ಅಜ್ಜಿ ಮನೆಗೆ ಕಳಿಸುತ್ತಾಳೆ. ಹುಡುಗ ನೋಟುಗಳನ್ನು ಕೋಟಿನ ಒಳಗೆ ಗುಂಡುಸೂಜಿ ಚುಚ್ಚಿ ಭದ್ರ ಮಾಡುತ್ತಾನೆ. ರೈಲಿನಲ್ಲಿ ನಿದ್ದೆ ಬರುತ್ತದೆ. ಎದ್ದರೆ ದುಡ್ಡೂ ಇಲ್ಲ, ಎದುರು ಕೂತಿದ್ದ ಟೋಪಿಯವನೂ ಇಲ್ಲ. ಮುಂದೆ ಆ ಊರಿನ ಹುಡುಗರೆಲ್ಲ ಸೇರಿ ಕಳ್ಳನ ಬೆನ್ನು ಹತ್ತುತ್ತಾರೆ.

ನೀವು ಕಳ್ಳತನವನ್ನು ಮೊಬೈಲಿಗೆ ಹಾಕಿದಿರೋ, ಮೊದಲು ಹೋಗುವುದು ಈ ಗುಂಡುಸೂಜಿ. ಕೊನೆಗೆ ಬ್ಯಾಂಕಿನಲ್ಲಿ ದುಡ್ಡು ಯಾರದು ಅಂತ ಸಾಬೀತು ಮಾಡುವುದು ನೋಟಿನಲ್ಲಿರುವ ಆ ಸಣ್ಣ ತೂತುಗಳೇ. ಇಡೀ ಕಥೆ ನಿಂತಿರುವುದು ಅದರ ಮೊನೆಯ ಮೇಲೆ. ಎರಡನೆಯದಾಗಿ ಟೋಪಿ ಹೋಗುತ್ತದೆ. ಯುಪಿಐ ಕಳ್ಳನಿಗೆ ಮುಖ ಎಲ್ಲಿದೆ? ಅವನು ಎಲ್ಲೋ ಕೂತು ಒಟಿಪಿ ಕೇಳುತ್ತಾನೆ. ಮಕ್ಕಳು ಯಾರ ಹಿಂದೆ ಓಡಬೇಕು?

(ಆದರೆ ನಮ್ಮ ಹಳೇ ಬೆಂಗಳೂರಿನಲ್ಲಿ ಈ ಸಾಕ್ಷಿ ನಡೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಬ್ಯಾಂಕುಗಳು ನೋಟಿನ ಕಟ್ಟಿಗೆ ಸ್ಟೇಪಲ್ ಹೊಡೆಯುತ್ತಿದ್ದವು. 2001ರಲ್ಲಿ ರಿಸರ್ವ್ ಬ್ಯಾಂಕ್ ಬೇಡ ಅನ್ನುವವರೆಗೂ ಎಲ್ಲರ ಜೇಬಿನ ನೋಟೂ ತೂತೇ!)

ಇನ್ನು ನಿಮ್ಮ ಮಗಳ ಪ್ರಶ್ನೆ. ಅದು ಅಡ್ಡಮಾತಲ್ಲ, ಪತ್ತೇದಾರಿಕೆಯ ಮೊದಲ ಪ್ರಶ್ನೆ. ಎಮಿಲ್ ದೊಡ್ಡವರಿಗೆ ಯಾಕೆ ಹೇಳಲಿಲ್ಲ? ಪುಸ್ತಕದಲ್ಲೇ ಉತ್ತರವಿದೆ. ಅವನು ತನ್ನೂರಿನ ಒಂದು ಪ್ರತಿಮೆಗೆ ಕೆಂಪು ಮೂಗು, ಮೀಸೆ ಬರೆದು ಬಂದಿದ್ದಾನೆ. ನಮ್ಮ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಗೆ ಮೀಸೆ ಬರೆದ ಹಾಗೆ ಅಂದುಕೊಳ್ಳಿ. ಪೊಲೀಸರ ಹತ್ತಿರ ಹೋದರೆ ತನ್ನನ್ನೇ ಹಿಡಿದು ಹಾಕುತ್ತಾರೆ ಅನ್ನುವ ಭಯ ಅವನಿಗೆ. ಅಮ್ಮನಿಗೆ ಹೇಳೋಣ ಅಂದರೆ, ಅದು ಅವಳು ಒಂದೊಂದೇ ಮಾರ್ಕ್ ಕೂಡಿಸಿಟ್ಟ ದುಡ್ಡು. 'ನೀನಾಗಿದ್ರೆ ಹೇಳ್ತಿದ್ಯಾ?' ಅಂತ ಮಗಳನ್ನೇ ಕೇಳಿ ನೋಡಿ. ಆಮೇಲೆ ಸುಮ್ಮನಿರಿ.

ಅಷ್ಟಕ್ಕೂ, ಈ ಕಥೆಯಲ್ಲಿ ಫೋನ್ ಇಲ್ಲ ಅಂದವರು ಯಾರು? ಸ್ವಲ್ಪ ಮುಂದೆ ಹೋದರೆ ಒಬ್ಬ ಪುಟಾಣಿ ಬರುತ್ತಾನೆ. ಅವನ ಹೆಸರು ಜರ್ಮನ್ನಿನಲ್ಲಿ ಡೀನ್‌ಸ್ಟಾಗ್, ಅಂದರೆ ಮಂಗಳವಾರ. ಮನೆಯ ಫೋನಿನ ಪಕ್ಕ ಕೂತು ಸುದ್ದಿ ತಲುಪಿಸುವುದು ಅವನ ಕೆಲಸ. ಉಳಿದವರೆಲ್ಲ ಬೀದಿಯಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವಾಗ ಇವನೊಬ್ಬ ಕುರ್ಚಿ ಬಿಟ್ಟು ಏಳುವುದಿಲ್ಲ. ಮಜಾ ಒಂದೂ ಇವನ ಪಾಲಿಗಿಲ್ಲ. ಚಿಕ್ಕಂದಿನಲ್ಲಿ ನನಗೆ ಇಷ್ಟವಾಗಿದ್ದು ಹಾರ್ನ್ ಹಿಡಿದ ಗುಸ್ತಾವ್, ಹಳೇ ಆಟೋಗಳ ರಬ್ಬರ್ ಹಾರ್ನ್ ಥರ ಪೋಂ ಪೋಂ ಅನ್ನಿಸುವವನು. ಈಗ ಓದಿದರೆ ಕಣ್ಣು ಒದ್ದೆ ಮಾಡುವವನು ಮಂಗಳವಾರ. ಫೋನ್ ಹಿಡಿದು ಮನೆಯಲ್ಲಿ ಕೂತವನ ಕಷ್ಟ ನಿಮ್ಮ ಮಗಳಿಗೆ ನಮಗಿಂತ ಜಾಸ್ತಿ ಅರ್ಥವಾದೀತು.

ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. ಹೋದ ವರ್ಷ ನನ್ನ ಅಕ್ಕನ ಮಗನಿಗೆ ಇದನ್ನು ಓದಿದಾಗ ಅವನು ಫೋನಿನ ವಿಷಯ ಎತ್ತಲೇ ಇಲ್ಲ. 'ಅಷ್ಟು ಹೊತ್ತು ಹೊರಗಿರೋಕೆ ಅವರ ಮನೇಲಿ ಬಿಡ್ತಿದ್ರಾ?' ಅಂದ. ಹತ್ತು ವರ್ಷದ ಹುಡುಗ, ಬೀದಿ ತುದಿಯ ಅಂಗಡಿಗೂ ಒಬ್ಬನೇ ಹೋದವನಲ್ಲ. ಬೀದಿಯೇ ಗೊತ್ತಿಲ್ಲದ ಮೇಲೆ ಬೆನ್ನಟ್ಟುವ ರುಚಿ ಹೇಗೆ ಹತ್ತಬೇಕು? ನಾನು ಒಂದು ಭಾನುವಾರ ಕಳ್ಳನಾದೆ. ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದಿಂದ ಗಾಂಧಿ ಬಜಾರಿನವರೆಗೆ ನನಗೆ ಕಾಣಿಸದಂತೆ ಅವನು ಹಿಂಬಾಲಿಸಬೇಕು. ಹೂವಿನ ಅಂಗಡಿಯ ಮರೆಯಲ್ಲಿ ಅವನ ಹಳದಿ ಅಂಗಿ ಮೂರು ಸಲ ಕಂಡಿತು. ಕಾಣದವನಂತೆ ಮೋಸಂಬಿ ಚೌಕಾಸಿ ಮಾಡಿದೆ. ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅವನ ಅಮ್ಮ ಬರುತ್ತಿದ್ದಳು, ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ಟ್ರಾಮಿನ ಅಧ್ಯಾಯಕ್ಕೆ ಅವನು ಎದ್ದು ಕೂತು ಕೇಳಿದ.

ಓದುವ ರೀತಿ ನಿಮಗೆ ಬಿಟ್ಟದ್ದು. ಕನ್ನಡದಲ್ಲಿ ಹೇಳುತ್ತಿದ್ದೀರಲ್ಲ, ಅದು ಒಳ್ಳೆಯದು. ನಿಮ್ಮ ಮನೆಮಾತಿನಲ್ಲೇ ಹೇಳಿ. ಮಾರ್ಕ್ ಅಂದರೆ ಎಷ್ಟು ರೂಪಾಯಿ ಅಂತ ಲೆಕ್ಕ ಬಿಡಿಸುತ್ತಾ ಕೂರಬೇಡಿ. ಅಮ್ಮನಿಗೆ ಅದು ದೊಡ್ಡ ದುಡ್ಡು ಅಂದರೆ ಸಾಕು. ಮತ್ತೆ, ರೈಲಿನಲ್ಲಿ ಅವನು ಎಚ್ಚರವಾಗುವ ಕಡೆ ಪುಸ್ತಕ ಮುಚ್ಚಿಬಿಡಿ. ಮಗಳು ಕೋಪ ಮಾಡಿಕೊಳ್ಳಲಿ.

1933ರ ಮೇ 10ರಂದು ನಾಜಿಗಳು ಬರ್ಲಿನ್ನಿನಲ್ಲಿ ಪುಸ್ತಕಗಳನ್ನು ಸುಟ್ಟಾಗ ಇದೇ ಕೆಸ್ಟ್ನರ್ ಗುಂಪಿನಲ್ಲಿ ನಿಂತು ತನ್ನ ಪುಸ್ತಕಗಳೂ ಉರಿಯುವುದನ್ನು ನೋಡಿದ. ಇದನ್ನು ಈಗಲೇ ಹೇಳಬೇಡಿ. ಅವಳಿಗೆ ಹದಿಮೂರು ಆಗಲಿ.

ಕೊನೆಯ ಪುಟಕ್ಕೆ ಮಾತ್ರ ತಯಾರಾಗಿ. ಇದರಿಂದ ಏನು ಕಲಿತಿರಿ ಅನ್ನುವ ಮಾತು ಬಂದಾಗ ಎಮಿಲ್ ಒಂದು ಹೇಳುತ್ತಾನೆ, ಅಮ್ಮ ಇನ್ನೊಂದು. ಅಜ್ಜಿ ಎಲ್ಲವನ್ನೂ ತಳ್ಳಿಹಾಕಿ, ದುಡ್ಡನ್ನು ಯಾವಾಗಲೂ ಮನಿ ಆರ್ಡರಿನಲ್ಲೇ ಕಳಿಸಬೇಕು ಅಂತಾಳೆ. ನಾನು ಬಿದ್ದು ಬಿದ್ದು ನಕ್ಕೆ. ಅಕ್ಕನ ಮಗ ನಗಲಿಲ್ಲ. 'ಮನಿ ಆರ್ಡರ್ ಅಂದ್ರೇನು?' ಅಂದ. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ನೋಟು ಎಣಿಸಿ ಕೊಡುತ್ತಿದ್ದದ್ದು, ಫಾರಮ್ಮಿನ ತುದಿಯಲ್ಲಿ ನಮ್ಮಪ್ಪ ಇರುವೆಸಾಲಿನ ಹಾಗೆ ಕ್ಷೇಮಸಮಾಚಾರ ತುರುಕುತ್ತಿದ್ದದ್ದು, ಎಲ್ಲಾ ಹೇಳುವಷ್ಟರಲ್ಲಿ ಹನ್ನೊಂದು ಗಂಟೆ.

ಒಂದೇ ಎಚ್ಚರಿಕೆ. ಪುಸ್ತಕ ಮುಗಿಯುವವರೆಗೆ ಮನೆಯ ಗುಂಡುಸೂಜಿ ಡಬ್ಬಿಯನ್ನು ಮೇಲಿಡಿ. ಅಕ್ಕನ ಮನೆಯಲ್ಲಿ ಕರೆಂಟ್ ಬಿಲ್ಲಿನಿಂದ ಹಿಡಿದು ಮದುವೆ ಕರೆಯೋಲೆಯವರೆಗೆ ಎಲ್ಲಕ್ಕೂ ಮೂಲೆಯಲ್ಲಿ ಎರಡೆರಡು ತೂತು.

— ಸಂಪಾದಕ