ಸೀಟು ಆಮೇಲೆ, ಮೊದಲು ಟಿಕೆಟ್‌ನಲ್ಲಿ ಯಾರ ಫೋನ್ ನಂಬರ್ ಇದೆ ನೋಡಿ

ಮಂಡಿನೋವಿನ ಅಮ್ಮನಿಗೆ ಮೊದಲ ವಿಮಾನ ಪ್ರಯಾಣ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದೆಹಲಿ. ಟಿಕೆಟ್ ಏಜೆಂಟ್ ಹತ್ತಿರ ಮಾಡಿಸಿದ್ದೀರಿ. ಆರಾಮಾಗಿ ಇರಲಿ ಅಂತ ಜಾಸ್ತಿ ದುಡ್ಡು ಕೊಟ್ಟು ಮುಂದಿನ ಸೀಟು ತಗೊಳ್ಳಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ ನಮ್ಮ ಅಮ್ಮನ ಮುಖ ಕಣ್ಣ ಮುಂದೆ ಬಂತು. 2024ರ ಜುಲೈನಲ್ಲಿ ನಾನೂ ಮೂರು ದಿನ ಸೀಟಿನ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ನೋಡಬೇಕಾಗಿದ್ದದ್ದು ಬೇರೆಯೇ ಇತ್ತು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 2023ರ ಆಗಸ್ಟ್ 31ಕ್ಕೆ ಸೋಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಮೊದಲ ಪ್ರಯಾಣಿಕರ ವಿಮಾನ ಬಂದು ಇಳಿದದ್ದನ್ನು ಅಮ್ಮ ಟೀವಿಯಲ್ಲಿ ನೋಡಿದ್ದರು. "ನಮ್ಮ ಶಿವಮೊಗ್ಗಕ್ಕೇ ಬಂತಲ್ಲ ಮಾರಾಯ, ಒಂದು ಸಲ ಹತ್ತಬೇಕು" ಅಂದಿದ್ದರು. ಆಗ ಅವರಿಗೆ ಎಪ್ಪತ್ತು. ಮುಂದಿನ ವರ್ಷ ಪುಣೆಯಲ್ಲಿ ತಂಗಿಯ ಮನೆ ಒಕ್ಕಲು ಬಂತು. ಸರಿ, ಈ ಸಲ ವಿಮಾನದಲ್ಲೇ ಕರೆದುಕೊಂಡು ಹೋಗೋಣ ಅಂತ ತೀರ್ಮಾನ ಮಾಡಿದೆ.

ಪೇಟೆಯಲ್ಲಿ ಬಸ್ಸು, ರೈಲು, ವಿಮಾನ ಎಲ್ಲದರ ಟಿಕೆಟ್ ಮಾಡಿಕೊಡುವ ಒಂದು ಚಿಕ್ಕ ಅಂಗಡಿ ಇದೆ. ಅಲ್ಲಿ ಹೋಗಿ ಕೂತೆ. ಹುಡುಗ ಕಂಪ್ಯೂಟರಿನಲ್ಲಿ ಹೆಸರು, ವಯಸ್ಸು ಹಾಕಿದ. ಅಮ್ಮನ ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಬರಬೇಕು ಅಂತ ಎರಡೆರಡು ಸಲ ಅಕ್ಷರ ಹೇಳಿಸಿದೆ. ವೀಲ್‌ಚೇರ್ ಬೇಕು ಅಂದೆ, ಅದನ್ನೂ ಹಾಕಿದ. ಆಮೇಲೆ ಅವನು ಕೇಳಿದ, "ನಂಬರು, ಇಮೇಲು ನಮ್ದೇ ಹಾಕ್ತೀನಿ ಅಣ್ಣ, ಓಟಿಪಿ ಇಲ್ಲಿಗೇ ಬರುತ್ತೆ, ಬೇಗ ಆಗುತ್ತೆ." ನಾನು ಫೋನಿನಲ್ಲಿ ಅವತ್ತಿನ ರಾಶಿ ಅಡಿಕೆ ಧಾರಣೆ ನೋಡುತ್ತಾ ಇದ್ದೆ. ತಲೆ ಎತ್ತದೆ "ಹೂಂ, ಹಾಕು" ಅಂದೆ.

ಅದೇ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಟಿಕೆಟ್ ನನ್ನ ವಾಟ್ಸಾಪಿಗೆ ಬಂತು. ಹೆಸರು ಸರಿ ಇತ್ತು, ತಾರೀಖು ಸರಿ ಇತ್ತು, ಪಿಎನ್‌ಆರ್ ಅಂದರೆ ಬುಕಿಂಗ್ ಗುರುತಿನ ಸಂಖ್ಯೆಯೂ ಇತ್ತು. ಎಲ್ಲ ನನ್ನ ಕೈಯಲ್ಲೇ ಇದೆ ಅಂದುಕೊಂಡೆ. ಆದರೆ ವಿಮಾನದವರ ಲೆಕ್ಕದಲ್ಲಿ ನಾನು ಯಾರೂ ಅಲ್ಲ. ಅವರಿಗೆ ಗೊತ್ತಿರುವುದು ಬುಕಿಂಗ್‌ನಲ್ಲಿ ಬರೆದ ಒಂದು ಮೊಬೈಲ್ ನಂಬರ್, ಒಂದು ಇಮೇಲ್ ಮಾತ್ರ. ಹೊತ್ತು ಬದಲಾದರೂ, ವಿಮಾನ ರದ್ದಾದರೂ ಅವರು ಅಲ್ಲಿಗೊಂದು ಮೆಸೇಜ್ ಹಾಕುತ್ತಾರೆ. ಅಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು. ಆ ಮೆಸೇಜ್ ಓದುವವನು ಪ್ರಯಾಣ ಮಾಡುವವನೋ, ಅಂಗಡಿಯ ಹುಡುಗನೋ ಅಂತ ಯಾರೂ ನೋಡುವುದಿಲ್ಲ. ಬಸ್ಸಿನ ಟಿಕೆಟ್ ಹೀಗೆ ಮಾಡಿಸಿದರೆ ನಡೆಯುತ್ತದೆ, ಬಸ್ಸು ತಪ್ಪಿದರೆ ಮುಂದಿನ ಬಸ್ಸಿದೆ. ಶಿವಮೊಗ್ಗದಿಂದ ಹಾರುವ ವಿಮಾನಗಳೇ ಬೆರಳೆಣಿಕೆಯಷ್ಟು. ಒಂದು ತಪ್ಪಿದರೆ ಆ ದಿನವೇ ಹೋಯಿತು.

ಹೊರಟ ದಿನ ಬೆಳಿಗ್ಗೆ ಐದಕ್ಕೇ ಎದ್ದೆವು. ಜಡಿಮಳೆ. ಮಂಡಗದ್ದೆ ದಾಟುವಾಗ ಪಕ್ಕದಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಗಾಜನೂರಿನಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿದೆವು. ಅಮ್ಮ ತಂಗಿಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಎಣ್ಣೆ ಸೋರದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಹಳೇ ಹತ್ತಿ ಸೀರೆಯ ತುಂಡು ಸುತ್ತಿದ್ದರು. ಚೆಕ್‌ಇನ್ ಬ್ಯಾಗಿಗೆ ಹಾಕೋಣ ಅಂದರೂ ಕೇಳದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ನಿಲ್ದಾಣದ ಬಾಗಿಲಲ್ಲಿ ಸೆಕ್ಯೂರಿಟಿಯವರು ಟಿಕೆಟ್ ನೋಡಿ, ಇನ್ನೊಬ್ಬರನ್ನು ಕರೆದು ತೋರಿಸಿದರು. "ಸರ್, ಈ ವಿಮಾನ ಇವತ್ತು ಇಲ್ಲ."

ವಿಮಾನ ಸಂಸ್ಥೆಯ ಕೌಂಟರಿನ ಹುಡುಗಿ ಪಿಎನ್‌ಆರ್ ಹಾಕಿ ನೋಡಿದಳು. ಮೂರು ದಿನದ ಹಿಂದೆಯೇ ಅವತ್ತಿನ ವಿಮಾನ ರದ್ದಾಗಿ, ನಮ್ಮಿಬ್ಬರನ್ನೂ ಮರುದಿನದ ವಿಮಾನಕ್ಕೆ ಹಾಕಿದ್ದರು. ಬೆಂಗಳೂರಿನಿಂದ ಪುಣೆಗೆ ಹೋಗುವ ವಿಮಾನವೂ ಮರುದಿನಕ್ಕೆ ಹೋಗಿತ್ತು. ಮನೆ ಒಕ್ಕಲು ಇದ್ದದ್ದು ಮರುದಿನ ಬೆಳಿಗ್ಗೆ. "ನಮಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದೆ. "ಮೆಸೇಜ್ ಹೋಗಿದೆ ಸರ್, ಇಮೇಲ್ ಕೂಡ ಹೋಗಿದೆ" ಅಂದಳು. ಯಾವ ನಂಬರಿಗೆ ಅಂತ ಕೇಳಿದಾಗ ಕೊನೆಯ ನಾಲ್ಕು ಅಂಕಿ ಹೇಳಿದಳು. ನನ್ನದಲ್ಲ. ಅಂಗಡಿಗೆ ಫೋನ್ ಮಾಡಿದೆ. ಟಿಕೆಟ್ ಮಾಡಿದ ಹುಡುಗ ಕೆಲಸ ಬಿಟ್ಟು ಎರಡು ವಾರ ಆಗಿತ್ತಂತೆ. ಆ ಸಿಮ್ ಇದ್ದ ಫೋನು ಡ್ರಾಯರಿನಲ್ಲಿ ಬಿದ್ದಿತ್ತಂತೆ.

ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ಒಂದು ಕೈ ಡಬ್ಬಿಯ ಮೇಲೆ, ಇನ್ನೊಂದು ಕೈಯಲ್ಲಿ ಮಂಡಿ ಒತ್ತಿಕೊಳ್ಳುತ್ತಿದ್ದರು. "ಏನಂತೆ?" ಅಂದರು. ನಾನು ಹೇಳಿದೆ. ಅವರು ಒಂದು ಬೈಗುಳವೂ ಆಡಲಿಲ್ಲ. "ಬೆಂಗಳೂರಿಗೆ ಕಾರಲ್ಲೇ ಹೋಗಿಬಿಡಾಣ ಬಾ" ಅಂದರು.

ಹೋದೆವು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತುಮಕೂರು. ಬಾಡಿಗೆ 7,500. ದಾರಿಯಲ್ಲೇ ಫೋನಿನಲ್ಲಿ ಬೆಂಗಳೂರಿನಿಂದ ಪುಣೆಗೆ ರಾತ್ರಿಯ ಎರಡು ಟಿಕೆಟ್ ಮಾಡಿದೆ, 13,400. ಕೊನೆ ಗಳಿಗೆಯ ಟಿಕೆಟ್ ಅಲ್ವಾ, ಸಿಕ್ಕಿದ್ದು ಹಿಂದಿನ ಸಾಲಿನ ನಡುವಿನ ಸೀಟು. ಹಳೇ ಟಿಕೆಟ್‌ನಲ್ಲಿದ್ದ ವೀಲ್‌ಚೇರ್ ಹೊಸ ಟಿಕೆಟ್‌ಗೆ ಬರಲಿಲ್ಲ. ಅಲ್ಲಿ ಹೋಗಿ ಕೇಳಿದಾಗ ಕಾಯಿರಿ ಅಂದರು, ನಲವತ್ತು ನಿಮಿಷ ಕಾದೆವು. ತಂಗಿ ಮನೆ ಮುಟ್ಟಿದಾಗ ರಾತ್ರಿ ಎರಡೂವರೆ. ಬೆಳಿಗ್ಗೆ ಹಾಲು ಉಕ್ಕಿಸುವಾಗ ಅಮ್ಮ ಒಲೆ ಹತ್ತಿರ ನಿಲ್ಲಬೇಕಿತ್ತು. ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಕುರ್ಚಿ ಹಾಕಿಸಿಕೊಂಡು ದೂರದಿಂದ ನೋಡಿದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಊರಿಗೆ ಬಂದ ಮೇಲೆ ದೂರು ಬರೆದೆ. ಮೊದಲು ವಿಮಾನ ಸಂಸ್ಥೆಯ ಆ್ಯಪಿನ ಚಾಟ್. ಅದು ಮನುಷ್ಯ ಅಲ್ಲ, ಏನು ಕೇಳಿದರೂ ನಾಲ್ಕು ಆಯ್ಕೆ ತೋರಿಸುತ್ತದೆ. ಆಮೇಲೆ ಕಸ್ಟಮರ್ ಕೇರ್, ಒಂದೊಂದು ಸಲ ಒಬ್ಬೊಬ್ಬರು, ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ಅದಾದ ಮೇಲೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಅನ್ನುವ ಸೈಟಿನಲ್ಲಿ ದೂರು ಹಾಕಿದೆ. ಅಲ್ಲಿ ಹಾಕಿದ ಮೇಲೆ ಸಂಸ್ಥೆಯಿಂದ ಸರಿಯಾದ ಒಂದು ಉತ್ತರ ಬಂತು. ಬುಕಿಂಗ್‌ನಲ್ಲಿ ಕೊಟ್ಟ ನಂಬರಿಗೆ ಮೂರು ದಿನ ಮೊದಲೇ ತಿಳಿಸಿದ್ದೇವೆ, ಹಾಗಾಗಿ ಪರಿಹಾರ ಬರುವುದಿಲ್ಲ, ಟಿಕೆಟ್ ಹಣ ವಾಪಸ್ ಕೊಡುತ್ತೇವೆ.

ಸಿಟ್ಟಿನಲ್ಲಿ ಡಿಜಿಸಿಎ, ಅಂದರೆ ವಿಮಾನ ಸಂಸ್ಥೆಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯ ನಿಯಮ ತೆಗೆದು ಓದಿದೆ. ನಾನು ಓದಿದಾಗ ಇದ್ದದ್ದು ಹೀಗೆ. ವಿಮಾನ ರದ್ದಾಗುವುದನ್ನು ಹೊರಡುವ 24 ಗಂಟೆ ಮೊದಲಾದರೂ ತಿಳಿಸಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದು. ಅಷ್ಟೂ ಮೊದಲು ತಿಳಿಸದಿದ್ದರೆ ಅದರ ಮೇಲೆ ಪರಿಹಾರವೂ ಇದೆ. ಒಂದು ಗಂಟೆ ಒಳಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿಗೆ 10,000. ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟಾಗುತ್ತದೋ ಅಷ್ಟು, ಎರಡರಲ್ಲಿ ಕಡಿಮೆ ಇರುವುದು. ಅದರ ಜೊತೆಗೇ ಇನ್ನೊಂದು ಸಾಲು ಇತ್ತು. ಟಿಕೆಟ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ಪರಿಹಾರ ಇಲ್ಲ. ನಾನು "ಹೂಂ, ಹಾಕು" ಅಂದದ್ದು ಇಲ್ಲಿಗೆ ಬಂದು ನಿಂತಿತು. ವಾಪಸ್ ಬಂದ ಟಿಕೆಟ್ ಹಣವೂ ಅಂಗಡಿಯ ಖಾತೆಗೇ ಹೋಯಿತು. ಅಲ್ಲಿಂದ ನನ್ನ ಕೈಗೆ ಬರಲು ಐದು ವಾರ ಬೇಕಾಯಿತು.

ಏಜೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಎಷ್ಟೋ ಜನಕ್ಕೆ ಅವರೇ ಆಧಾರ. ಏಜೆಂಟ್ ಮೂಲಕ ಮಾಡಿಸಿದರೂ ಹಣ ವಾಪಸ್ ಕೊಡಿಸುವ ಹೊಣೆ ವಿಮಾನ ಸಂಸ್ಥೆಯದ್ದೇ ಅಂತ ನಿಯಮ ಇದೆ. ಆದರೆ ನಂಬರ್ ಮಾತ್ರ ನಿಮ್ಮದೇ ಇರಬೇಕು, ಇಮೇಲ್ ನಿಮ್ಮದೇ ಇರಬೇಕು. ಓಟಿಪಿ ಬಂದರೆ ಅಲ್ಲೇ ಕೂತು ಹೇಳಿ. ಎರಡು ನಿಮಿಷದ ಕೆಲಸ.

ಇನ್ನು ನಿಮ್ಮ ಸೀಟಿನ ವಿಷಯ. ಶಿವಮೊಗ್ಗ ಬೆಂಗಳೂರು ವಿಮಾನ ಏಟಿಆರ್ ಆಗಿದ್ದರೆ ಮುಂದಿನ ಸೀಟಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಏಟಿಆರ್ ಅಂದರೆ ಎರಡು ಕಡೆ ಫ್ಯಾನ್ ತಿರುಗುವ ಚಿಕ್ಕ ವಿಮಾನ. ಅದರಲ್ಲಿ ಪ್ರಯಾಣಿಕರು ಹತ್ತುವುದು ಹಿಂದಿನ ಬಾಗಿಲಿನಿಂದ. ಮುಂದಿನ ಬಾಗಿಲು ಸಾಮಾನು ತುಂಬುವುದಕ್ಕೆ. ಮುಂದೆ ಸೀಟು ತಗೊಂಡರೆ ಮಂಡಿನೋವಿನವರು ಆ ಇಕ್ಕಟ್ಟಿನ ದಾರಿಯಲ್ಲಿ ಪೂರ್ತಿ ನಡೆಯಬೇಕು, ಇಳಿಯುವಾಗಲೂ ಎಲ್ಲರೂ ಇಳಿದ ಮೇಲೆ. ಫ್ಯಾನಿನ ಸದ್ದೂ ಆ ಕಡೆಯೇ ಜಾಸ್ತಿ. ಹಿಂದಿನ ಸಾಲುಗಳೇ ಒಳ್ಳೆಯದು. ಎರಡೆರಡು ಸೀಟಿನ ಸಾಲು, ನಡುವಿನ ಸೀಟು ಅನ್ನುವುದೇ ಇಲ್ಲ. ರೆಕ್ಕೆ ಮೇಲಿರುತ್ತದೆ, ಹಾಗಾಗಿ ಕಿಟಕಿಯಿಂದ ಕೆಳಗಿನ ತೋಟ, ಕೆರೆ ಎಲ್ಲ ಕಾಣುತ್ತವೆ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ. ಉಳಿದ ದುಡ್ಡನ್ನು ದೆಹಲಿಯ ವಿಮಾನಕ್ಕೆ ಹಾಕಿ. ಅದು ಎರಡೂವರೆ ಗಂಟೆಗೂ ಮೇಲಿನ ದಾರಿ. ಅಲ್ಲಿ ಮುಂದಿನ ಕಡೆ, ನಡೆಯುವ ದಾರಿಯ ಪಕ್ಕದ ಸೀಟು ಕೊಂಡರೆ ಕಾಲಿಗೆ ನಿಜವಾಗಿ ಅನುಕೂಲ.

ವೀಲ್‌ಚೇರ್ ಕನಿಷ್ಠ 48 ಗಂಟೆ ಮೊದಲೇ ಹೇಳಿ. ಸುಮ್ನೆ "ವೀಲ್‌ಚೇರ್ ಬೇಕು" ಅಂತ ಬಿಡಬೇಡಿ. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಮೆಟ್ಟಿಲು ಆಗದವರಿಗೆ ಡಬ್ಲ್ಯೂಸಿಎಚ್‌ಎಸ್ ಅಂತ ಬೇರೆ ಬೇರೆ ಕೋಡ್ ಹಾಕುತ್ತಾರೆ. ಅಮ್ಮನಿಗೆ ಮೆಟ್ಟಿಲು ಆಗುತ್ತದಾ ಅಂತ ಅವರನ್ನೇ ಕೇಳಿ. ನಮ್ಮ ಅಮ್ಮಂದಿರು "ಏನೂ ಬೇಡ, ನಡೀತೀನಿ" ಅಂದೇ ಅನ್ನುತ್ತಾರೆ. ನಂಬಬೇಡಿ, ಮನೆಯ ಮೆಟ್ಟಿಲು ಹೇಗೆ ಹತ್ತುತ್ತಾರೆ ನೋಡಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರಿಲ್ಲ. ಮಳೆ, ಮಂಜಿನಿಂದ ವಿಮಾನ ನಿಂತರೆ ಮೇಲೆ ಹೇಳಿದ ಪರಿಹಾರ ಸಿಗುವುದಿಲ್ಲ. ಹಣ ವಾಪಸ್ ಅಥವಾ ಬೇರೆ ವಿಮಾನ ಮಾತ್ರ ಕೇಳಬಹುದು. ಶಿವಮೊಗ್ಗದ ವಿಮಾನ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಕೌಂಟರಿಗೆ ಹೋಗಿ ಕೇಳಿ, ಅವರಾಗಿಯೇ ಕರೆದು ಕೊಡುವುದು ಕಡಿಮೆ. ಆದರೆ ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ಕೂಗಾಡಬೇಡಿ. ನಾನು ಕೂಗಾಡಿದೆ, ತಪ್ಪು ಮಾಡಿದೆ. ವಿಮಾನ ರದ್ದು ಮಾಡಿದ್ದು ಅವಳಲ್ಲ. ಕೊನೆಗೆ ಅಮ್ಮನಿಗೆ ಬಿಸಿನೀರು ತಂದುಕೊಟ್ಟವಳೂ ಅವಳೇ.

ಕಳೆದ ವರ್ಷ ಅಮ್ಮನನ್ನು ಮತ್ತೆ ಪುಣೆಗೆ ಕರೆದುಕೊಂಡು ಹೋದೆ, ಸೋಗಾನೆಯಿಂದಲೇ. ಹೊರಡುವ ಹಿಂದಿನ ದಿನ ರಾತ್ರಿ ಒಂಬತ್ತಕ್ಕೆ ನನ್ನ ಫೋನಿಗೆ ಮೆಸೇಜ್ ಬಂತು, ವಿಮಾನ ಒಂದೂ ಮುಕ್ಕಾಲು ಗಂಟೆ ತಡ. ಅಮ್ಮನಿಗೆ ಹೇಳಿದೆ. "ಹಾಗಾದರೆ ಕಡುಬು ಮಾಡಿ ತಿಂದೇ ಹೊರಡಾಣ" ಅಂದರು.

ನೀವು ಇವತ್ತೇ ವಿಮಾನ ಸಂಸ್ಥೆಯ ಸೈಟಿಗೆ ಹೋಗಿ, ಪಿಎನ್‌ಆರ್ ಮತ್ತು ಹೆಸರು ಹಾಕಿ, ಅಲ್ಲಿ ಯಾರ ನಂಬರ್ ಕಾಣುತ್ತದೆ ನೋಡಿ. ನಿಮ್ಮದಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬದಲಾಯಿಸಿ. ಆಗಲಿಲ್ಲ ಅಂದರೆ ಇಲ್ಲೇ ಬರೆಯಿರಿ, ಏಜೆಂಟ್ ಹತ್ತಿರ ಏನು ಕೇಳಬೇಕು ಅಂತ ಹೇಳುತ್ತೇನೆ.